ಇಪ್ಪತ್ತು ಸಾವಿರ ಅಡಿ ಎತ್ತರದ ಒಂಟಿ ಸಾಕ್ಷಿ: ‘ನೈಟ್‌ಮೇರ್’ ಕಂತನ್ನು ಪ್ರೇಕ್ಷಕರು ಕಂಡ ಬಗೆ

ವಿಮಾನಯಾನದ ಭಯವನ್ನು ಕುರಿತ ಕಿರುತೆರೆ ಕಥೆಗಳಲ್ಲಿ ‘ನೈಟ್‌ಮೇರ್ ಅಟ್ 20,000 ಫೀಟ್’ ಎಂಬ ಅಮೆರಿಕದ ಕಂತಿಗೆ ವಿಶೇಷ ಸ್ಥಾನವಿದೆ. ರಾಡ್ ಸರ್ಲಿಂಗ್ ರೂಪಿಸಿದ ‘ದಿ ಟ್ವಿಲೈಟ್ ಜೋನ್’ ಮಾಲಿಕೆಯ ಐದನೆಯ ಸರಣಿಯಲ್ಲಿ, 1963ರ ಅಕ್ಟೋಬರ್ 11ರಂದು ಇದು ಸಿ.ಬಿ.ಎಸ್. ವಾಹಿನಿಯಲ್ಲಿ ಪ್ರಸಾರವಾಯಿತು. ಸುಮಾರು 25 ನಿಮಿಷಗಳ ಈ ಕಪ್ಪು–ಬಿಳುಪು ಕಥೆಯ ಬಗ್ಗೆ ಆರು ದಶಕಗಳ ನಂತರವೂ ಪ್ರೇಕ್ಷಕರಲ್ಲಿ ವಾದ ನಿಂತಿಲ್ಲ.

ಆ ವರ್ಷ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ದೂರದರ್ಶನದ ಸುಳಿವೂ ಇರಲಿಲ್ಲ. ಭಾರತದಲ್ಲಿ 1959ರಲ್ಲಿ ಆರಂಭವಾದ ದೂರದರ್ಶನ ಆಗಿನ್ನೂ ದೆಹಲಿಗೆ ಸೀಮಿತವಾಗಿತ್ತು. ಬೆಂಗಳೂರು ಕೇಂದ್ರ ಬಂದದ್ದು 1981ರಲ್ಲಿ. ಇಂದು ಇದೇ ತಾಲ್ಲೂಕುಗಳ ಮನೆಗಳಿಂದ ಮಕ್ಕಳು ಉದ್ಯೋಗಕ್ಕಾಗಿ ಕಡಲಾಚೆಗೆ ಹೋಗಿದ್ದಾರೆ. ಅವರನ್ನು ನೋಡಲು ದೇವನಹಳ್ಳಿಯಲ್ಲಿ ಮೊದಲ ಬಾರಿಗೆ ವಿಮಾನ ಹತ್ತುವ ಹಿರಿಯರಿಗೆ ಕಿಟಕಿ ಪಕ್ಕದ ಆಸನದ ಕಳವಳ ಹೊಸ ಅನುಭವ. ಅಂತರಜಾಲದಲ್ಲಿ ಈ ಹಳೆಯ ಕಂತನ್ನು ನೋಡುವವರಿಗೆ ಅದು ಪರದೇಶದ ಕಥೆಯಾಗಿ ಉಳಿಯದಿರಲು ಇದೂ ಒಂದು ಕಾರಣ.

ಕಥಾಸಾರ

ಬಾಬ್ ವಿಲ್ಸನ್ 37ರ ಹರೆಯದ ವ್ಯಾಪಾರ ಪ್ರತಿನಿಧಿ. ಹಿಂದೊಮ್ಮೆ ವಿಮಾನದಲ್ಲಿಯೇ ಅವನ ಮನಸ್ಸು ಕುಸಿದುಬಿದ್ದಿತ್ತು. ಆರು ತಿಂಗಳು ಚಿಕಿತ್ಸಾಲಯದಲ್ಲಿದ್ದು, ಗುಣಮುಖನೆನಿಸಿಕೊಂಡು, ಪತ್ನಿ ಜೂಲಿಯಾಳೊಡನೆ ಊರಿಗೆ ಮರಳುತ್ತಿದ್ದಾನೆ. ಹೊರಗೆ ಮಳೆ, ಮಿಂಚು, ಕತ್ತಲೆ. ಕಿಟಕಿಯಾಚೆ ನೋಡಿದಾಗ ವಿಮಾನದ ರೆಕ್ಕೆಯ ಮೇಲೆ ಒಂದು ಆಕೃತಿ ಕುಳಿತಿದೆ! ಅವನು ಬೇರೆಯವರನ್ನು ಕರೆದೊಡನೆ ಅದು ಮಾಯವಾಗುತ್ತದೆ. ಅವರು ಅತ್ತ ತಿರುಗಿದೊಡನೆ ಮತ್ತೆ ಬಂದು ಎಂಜಿನ್ನಿನ ಹೊದಿಕೆಯನ್ನು ಕೀಳತೊಡಗುತ್ತದೆ. ಪತ್ನಿ ನಂಬಳು, ಸಿಬ್ಬಂದಿಯೂ ನಂಬರು. ಕೈಗೆ ನಿದ್ರೆಯ ಮಾತ್ರೆ ಕೊಡುತ್ತಾರೆ. ಕೊನೆಗೆ ಅವನು ನಿದ್ರಿಸುತ್ತಿದ್ದ ಪೊಲೀಸನ ಪಿಸ್ತೂಲನ್ನು ಕದ್ದು, ತುರ್ತು ಕಿಟಕಿಯನ್ನು ತೆರೆದು, ಆ ಜೀವಿಯತ್ತ ಗುಂಡು ಹಾರಿಸುತ್ತಾನೆ. ವಿಮಾನ ಇಳಿದ ಮೇಲೆ ಅವನನ್ನು ಕಟ್ಟಿ ಹೊತ್ತೊಯ್ಯುತ್ತಾರೆ. ಆದರೆ ಕ್ಯಾಮೆರಾ ಎಂಜಿನ್ನಿನತ್ತ ಸರಿದಾಗ ಅದರ ಹೊದಿಕೆ ಕಿತ್ತು ಬಾಗಿರುವುದು ಕಾಣುತ್ತದೆ.

ಕಥೆ–ಚಿತ್ರಕಥೆ ರಿಚರ್ಡ್ ಮ್ಯಾಥೆಸನ್ನರದು. ಅವರದೇ ಸಣ್ಣಕಥೆ ಇದಕ್ಕೆ ಆಧಾರ. ಮುಂದೆ ‘ದಿ ಓಮೆನ್’ (1976), ‘ಸೂಪರ್‌ಮ್ಯಾನ್’ (1978) ಚಿತ್ರಗಳಿಂದ ಹೆಸರಾದ ರಿಚರ್ಡ್ ಡಾನರ್ ಇದನ್ನು ನಿರ್ದೇಶಿಸಿದರು. ಬಾಬ್ ಪಾತ್ರದಲ್ಲಿ ವಿಲಿಯಂ ಶ್ಯಾಟ್ನರ್, ಜೂಲಿಯಾ ಪಾತ್ರದಲ್ಲಿ ಕ್ರಿಸ್ಟೀನ್ ವೈಟ್, ರೆಕ್ಕೆಯ ಮೇಲಿನ ಜೀವಿಯಾಗಿ ನಿಕ್ ಕ್ರಾವಟ್ ಅಭಿನಯಿಸಿದ್ದಾರೆ. ‘ಸ್ಟಾರ್ ಟ್ರೆಕ್’ನಿಂದ ಜಗದ್ವಿಖ್ಯಾತರಾದ ಶ್ಯಾಟ್ನರ್ 2021ರ ಅಕ್ಟೋಬರಿನಲ್ಲಿ, ತಮ್ಮ 90ನೆಯ ವಯಸ್ಸಿನಲ್ಲಿ, ನಿಜವಾಗಿಯೇ ಬಾಹ್ಯಾಕಾಶದಂಚಿಗೆ ಹೋಗಿಬಂದರು.

ವೇಷದ ಮೇಲಿನ ತಕರಾರು

ಪ್ರೇಕ್ಷಕರ ಮೊದಲ ಆಕ್ಷೇಪ ಆ ಜೀವಿಯ ವೇಷದ ಬಗ್ಗೆ. ದಟ್ಟ ರೋಮದ ಆ ಉಡುಪು ಭಯಕ್ಕಿಂತ ನಗೆಯನ್ನೇ ತರುತ್ತದೆಂಬ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಸ್ವತಃ ಮ್ಯಾಥೆಸನ್ನರಿಗೂ ಆ ವೇಷ ಒಪ್ಪಿಗೆಯಾಗಿರಲಿಲ್ಲ. ಯಂತ್ರ ಕೆಡಿಸುವ ‘ಗ್ರೆಮ್ಲಿನ್’ ಎಂಬ ಕುಚೇಷ್ಟೆಯ ಜೀವಿ ಬ್ರಿಟಿಷ್ ವಾಯುಪಡೆಯವರ ಬಾಯಿಮಾತಿನಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಮನೆಮಾತಾದದ್ದು. ಅದಕ್ಕೆ ನಿಶ್ಚಿತ ರೂಪವಿಲ್ಲ. ರೂಪ ಕೊಟ್ಟೊಡನೆ ಭಯ ಕಡಿಮೆಯಾಯಿತೆಂಬುದು ಇವರ ವಾದ.

ಎರಡನೆಯ ಆಕ್ಷೇಪ ತಾಂತ್ರಿಕವಾದುದು. ಇಪ್ಪತ್ತು ಸಾವಿರ ಅಡಿ, ಎಂದರೆ ಸುಮಾರು 6,100 ಮೀಟರ್ ಎತ್ತರದಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತಲೂ ಕಡಿಮೆ. ಒಳಗಿನ ಹೆಚ್ಚಿನ ಒತ್ತಡವೇ ಬಾಗಿಲನ್ನು ಚೌಕಟ್ಟಿಗೆ ಒತ್ತಿ ಹಿಡಿಯುವಂತೆ ಅನೇಕ ವಿಮಾನಗಳ ತುರ್ತು ದ್ವಾರಗಳನ್ನು ರಚಿಸಿರುತ್ತಾರೆ. ಹಾರಾಟದ ನಡುವೆ ಅವನ್ನು ಕೈಯಿಂದ ತೆರೆಯುವುದು ಆಗದ ಮಾತು.

ಈ ಎರಡು ಆಕ್ಷೇಪಗಳಿಗೂ ಮಂಡ್ಯ ಸೀಮೆಯ ಪ್ರೇಕ್ಷಕನ ಬಳಿ ಉತ್ತರವಿದೆ. ಊರ ಬಯಲಿನಲ್ಲಿ ರಾತ್ರಿಯಿಡೀ ನಡೆಯುವ ‘ಕುರುಕ್ಷೇತ್ರ’ ನಾಟಕದಲ್ಲಿ ಭೀಮನ ಗದೆ ಹಗುರವಾದುದೆಂಬುದು ಎಲ್ಲರಿಗೂ ಗೊತ್ತು. ಹಾಗೆಂದು ದುರ್ಯೋಧನ ಬೀಳುವಾಗ ಯಾರೂ ನಗುವುದಿಲ್ಲ. ವೇಷ ನಂಬಿಕೆ ಹುಟ್ಟಿಸುವುದು ಬಟ್ಟೆಯಿಂದಲ್ಲ, ಎದುರಿನ ಪಾತ್ರಧಾರಿಯ ಮುಖದಿಂದ. ಈ ಕಂತಿನಲ್ಲಿ ಆ ಕೆಲಸ ಮಾಡಿರುವುದು ಶ್ಯಾಟ್ನರ್ ಅವರ ಮುಖ. ಕಿಟಕಿಯ ಪರದೆಯನ್ನು ಸರಿಸಲೋ ಬೇಡವೋ ಎಂದು ಅವರ ಕೈ ಹಿಂಜರಿಯುವ ದೃಶ್ಯವನ್ನು, ವೇಷವನ್ನು ಹಳಿಯುವವರೂ ಮೆಚ್ಚುತ್ತಾರೆ.

ನಂಬದವರು ತಪ್ಪಿತಸ್ಥರೇ?

ಹೆಚ್ಚು ಗಂಭೀರವಾದ ಭಿನ್ನಾಭಿಪ್ರಾಯ ಜೂಲಿಯಾಳನ್ನು ಕುರಿತದ್ದು. ಗಂಡನ ಮಾತನ್ನು ಒಂದು ಕ್ಷಣವಾದರೂ ನಂಬಬಾರದಿತ್ತೇ ಎಂದು ಕೆಲವರು ಕೇಳುತ್ತಾರೆ. ಆರು ತಿಂಗಳು ಒಬ್ಬಳೇ ಸಂಸಾರ ತೂಗಿಸಿದ ಹೆಣ್ಣು, ರೆಕ್ಕೆಯ ಮೇಲೆ ಯಾರೋ ಇದ್ದಾರೆಂದು ಗಂಡ ಹೇಳಿದಾಗ ಹೆದರದೆ ಇನ್ನೇನು ಮಾಡಿಯಾಳು ಎಂಬುದು ಇನ್ನು ಕೆಲವರ ಮರುಪ್ರಶ್ನೆ. ಎರಡೂ ಸರಿಯೇ. ಆಕೆಯಲ್ಲಿ ಪ್ರೀತಿಗೆ ಕೊರತೆಯಿಲ್ಲ. ಗಂಡನ ಮಾತಿಗೆ ಹಿಂದೆ ಇದ್ದ ಬೆಲೆ ಮಾತ್ರ ಉಳಿದಿಲ್ಲ. ಕಾಯಿಲೆ ವಾಸಿಯಾಗಿದೆ, ಆದರೆ ಕಾಯಿಲೆಯ ಹೆಸರು ಅವನನ್ನು ಬಿಟ್ಟಿಲ್ಲ. ಕಂತಿನ ನಿಜವಾದ ಭಯ ಇರುವುದು ಇಲ್ಲಿ.

ಈ ಭಯಕ್ಕೆ ವಿಮಾನವೇ ಬೇಕಿಲ್ಲ. ಹಳೆ ಮೈಸೂರು ಭಾಗದ ಹಳ್ಳಿಗಳಲ್ಲಿ ‘ಗಾಳಿ’ ಎಂಬ ಒಂದೇ ಪದಕ್ಕೆ ಬೀಸುವ ಗಾಳಿ, ಮೈಮೇಲೆ ಬರುವ ಪೀಡೆ ಎಂಬ ಎರಡು ಅರ್ಥಗಳಿವೆ. ‘ಗಾಳಿ ಸೋಕಿದೆ’ ಎಂದರೆ ತಾಯಿತ ಕಟ್ಟಿಸಿ ಸುಮ್ಮನಾಗುವ ಮನೆಗಳು ಇದ್ದವು, ಇವೆ. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಸರಿಹೋದವನೂ ಮುಂದೆ ಜಮೀನಿನ ತಗಾದೆಯಲ್ಲಿ ನ್ಯಾಯವಾದ ಮಾತನ್ನಾಡಿದರೆ, ‘ಅವನ ತಲೆ ಒಮ್ಮೆ ಕೆಟ್ಟಿತ್ತಲ್ಲ’ ಎಂಬ ಒಂದೇ ವಾಕ್ಯ ಆ ಮಾತನ್ನು ಮುಗಿಸಿಬಿಡಬಲ್ಲದು.

ಭಾರತದ ಕಾನೂನು ಈ ವಾಕ್ಯವನ್ನು ಒಪ್ಪುವುದಿಲ್ಲ. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯ 3ನೆಯ ಪ್ರಕರಣದ ಪ್ರಕಾರ, ವ್ಯಕ್ತಿಯೊಬ್ಬ ಹಿಂದೆ ಚಿಕಿತ್ಸೆ ಪಡೆದಿದ್ದ ಅಥವಾ ಆಸ್ಪತ್ರೆಯಲ್ಲಿದ್ದ ಎಂಬ ಕಾರಣವೊಂದರಿಂದಲೇ ಅವನನ್ನು ಈಗಲೂ ಮುಂದೆಯೂ ಮಾನಸಿಕ ರೋಗಿಯೆಂದು ನಿರ್ಧರಿಸುವಂತಿಲ್ಲ. ನೆರವು ಬಯಸುವವರಿಗಾಗಿ ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಉಚಿತ ದೂರವಾಣಿ ಸೇವೆಯ ಸಂಖ್ಯೆ 14416.

ಮರುರೂಪಗಳು

1983ರ ‘ಟ್ವಿಲೈಟ್ ಜೋನ್’ ಚಲನಚಿತ್ರದಲ್ಲಿ ಜಾರ್ಜ್ ಮಿಲ್ಲರ್ ಈ ಕಥೆಯನ್ನು ಮತ್ತೆ ನಿರ್ದೇಶಿಸಿದರು; ಜಾನ್ ಲಿತ್ಗೋ ನಾಯಕ. ಅಲ್ಲಿನ ಜೀವಿ ಹೆಚ್ಚು ಭೀಕರ, ನಾಯಕನ ಭಯ ಹೆಚ್ಚು ಅಬ್ಬರದ್ದು. ಅದನ್ನೇ ಮೇಲೆನ್ನುವ ಪ್ರೇಕ್ಷಕರೂ ಇದ್ದಾರೆ. ‘ದಿ ಸಿಂಪ್ಸನ್ಸ್’ ವ್ಯಂಗ್ಯಚಿತ್ರ ಮಾಲಿಕೆ 1993ರಲ್ಲಿ ಇದನ್ನು ಶಾಲಾ ಬಸ್ಸಿನ ಕಥೆಯಾಗಿಸಿ ಅಣಕಿಸಿತು. 2019ರಲ್ಲಿ ಆಡಂ ಸ್ಕಾಟ್ ಅಭಿನಯಿಸಿದ ‘ನೈಟ್‌ಮೇರ್ ಅಟ್ 30,000 ಫೀಟ್’ ಕಥೆಯನ್ನು ತಿರುಗುಮುರುಗಾಗಿಸಿತು: ರೆಕ್ಕೆಯ ಮೇಲೆ ಯಾವ ಜೀವಿಯೂ ಇಲ್ಲ, ಅನಾಹುತ ತಪ್ಪಿಸಲು ಹೊರಟವನೇ ಅನಾಹುತಕ್ಕೆ ಕಾರಣನಾಗುತ್ತಾನೆ. ಒಂಟಿ ಸಾಕ್ಷಿ ಯಾವಾಗಲೂ ಸರಿಯಾಗಿರುತ್ತಾನೆಂಬ ಸಮಾಧಾನವನ್ನು ಅದು ಕಸಿದುಕೊಂಡಿತು.

ಕೊನೆಯ ದೃಶ್ಯ

ಮೂಲ ಕಂತಿನ ಅಂತ್ಯವನ್ನು ಸುಖಾಂತ್ಯವೆನ್ನಬೇಕೇ ಎಂಬುದು ಇಂದಿಗೂ ತೀರದ ಚರ್ಚೆ. ವಿಮಾನ ಉಳಿಯಿತು, ಎಲ್ಲರೂ ಬದುಕಿದರು. ಉಳಿಸಿದವನನ್ನು ಮಾತ್ರ ಕಟ್ಟಿ ಒಯ್ದರು. ಕಿತ್ತ ಹೊದಿಕೆಯನ್ನು ನಾಳೆ ಯಾರಾದರೂ ಕಂಡಾರು ಎಂಬ ಭರವಸೆಯನ್ನು ನಿರೂಪಕ ಕೊಡುತ್ತಾನೆ. ಆದರೆ ಬಾಬ್‌ನ ಮಾತಿಗೆ ಬೆಲೆ ಬರಲು ಲೋಹದ ತಗಡೊಂದು ಸಾಕ್ಷಿ ನುಡಿಯಬೇಕಾಯಿತು. ಅವನು ಸತ್ಯವನ್ನು ಹೇಳಿದ್ದಾಗ, ಅದನ್ನು ಕೇಳಲು ಪಕ್ಕದ ಆಸನದಲ್ಲಿ ಒಬ್ಬರಿದ್ದರು.