ದಾರಿ ಬಿಟ್ಟ ಊರುಗಳು, ಮುಚ್ಚಿದ ಗಡಿ

2019ರ ಏಪ್ರಿಲ್ 16ರ ಬೆಳಿಗ್ಗೆ ಮಂಗಳೂರಿನಿಂದ ಒಂದು ಆಂಬುಲೆನ್ಸ್ ದಕ್ಷಿಣಕ್ಕೆ ಹೊರಟಿತು. ಒಳಗಿದ್ದದ್ದು ಕಾಸರಗೋಡಿನ ಕುಟುಂಬವೊಂದರ ಕೂಸು. ಹುಟ್ಟಿ 15 ದಿನವಾಗಿತ್ತು, ಹೃದಯದ ತೊಂದರೆಯಿತ್ತು. ಅದನ್ನು ಸುಮಾರು 600 ಕಿಲೋಮೀಟರ್ ದೂರದ ತಿರುವನಂತಪುರಕ್ಕೆ, ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಗೆ ಮುಟ್ಟಿಸಬೇಕಿತ್ತು.

ಸುದ್ದಿ ಗಾಡಿಗಿಂತ ಮುಂದೆ ಓಡಿತು. ಸ್ವಯಂಸೇವಕರು ಪ್ರಯಾಣವನ್ನು ಫೇಸ್‌ಬುಕ್‌ನಲ್ಲಿ ನೇರವಾಗಿ ತೋರಿಸಿದರು. ದಾರಿ ಬಿಟ್ಟು ಸಹಕರಿಸಿ ಎಂದು ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಜನರನ್ನು ಕೇಳಿಕೊಂಡರು. ಪೊಲೀಸರೂ ಊರವರೂ ವಾಹನಗಳನ್ನು ಬದಿಗೆ ಸರಿಸಿದರು. ಅಷ್ಟರಲ್ಲಿ ಆರೋಗ್ಯ ಸಚಿವೆ ಕೆ.ಕೆ. ಶೈಲಜಾ ಮಧ್ಯೆ ಬಂದು, ಅಷ್ಟು ದೂರ ಹೋಗುವ ಬದಲು ಕೊಚ್ಚಿಯ ಅಮೃತಾ ಆಸ್ಪತ್ರೆಯಲ್ಲೇ, ಸರ್ಕಾರದ ‘ಹೃದ್ಯಂ’ ಯೋಜನೆಯಡಿ ಚಿಕಿತ್ಸೆಗೆ ಏರ್ಪಾಡು ಮಾಡಿದರು. ಸುಮಾರು 400 ಕಿಲೋಮೀಟರ್ ದಾರಿ ಐದೂವರೆ ಗಂಟೆಯಲ್ಲಿ ಸವೆಯಿತು.

ಲೆಕ್ಕ ಹಾಕಿ ನೋಡಿ: ಗಂಟೆಗೆ ಸರಾಸರಿ 70 ಕಿಲೋಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಖಾಲಿ ರಸ್ತೆಯಲ್ಲಿ ಅದು ದೊಡ್ಡ ವೇಗವೇ ಅಲ್ಲ. ಕಣ್ಣೂರು, ಕೋಳಿಕ್ಕೋಡುಗಳನ್ನು ಹಾಯುವ ಕಿಕ್ಕಿರಿದ ಹೆದ್ದಾರಿಯಲ್ಲಿ ಮಾತ್ರ ಅದು ದೊಡ್ಡದು. ಚಾಲಕನ ಕಾಲಿನಷ್ಟೇ ಆ ವೇಗ ಬದಿಗೆ ಸರಿದವರದ್ದು. 30 ಕಡೆ ಒಂದೊಂದೇ ನಿಮಿಷ ತಡೆದಿದ್ದರೂ ಅರ್ಧ ಗಂಟೆ ಹೋಗುತ್ತಿತ್ತು. ಆ ಅರ್ಧ ಗಂಟೆಗೆ ಯಾರೊಬ್ಬರೂ ಹೊಣೆಯಾಗುತ್ತಿರಲಿಲ್ಲ; ಪ್ರತಿಯೊಬ್ಬರೂ ತಡೆದದ್ದು ‘ಒಂದೇ ನಿಮಿಷ’ ತಾನೆ?

ಇದನ್ನು ನಾವು ಕರುಣೆ ಎನ್ನುತ್ತೇವೆ. ಕಾನೂನು ಹಾಗೆನ್ನುವುದಿಲ್ಲ. ಆಂಬುಲೆನ್ಸ್, ಅಗ್ನಿಶಾಮಕ ವಾಹನ ಬಂದರೆ ಬದಿಗೆ ಸರಿದು ದಾರಿ ಬಿಡಬೇಕೆಂದು 1989ರ ರಸ್ತೆ ನಿಯಮಗಳೇ ಹೇಳಿದ್ದವು. ಕಾಯ್ದೆಗೆ ತಿದ್ದುಪಡಿಯಾಗಿ, 2019ರ ಸೆಪ್ಟೆಂಬರ್ 1ರಿಂದ ದಾರಿ ಬಿಡದವರಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಅಂದರೆ ಆ ಹೊತ್ತಿಗೆ ರಸ್ತೆ ಒಳಗೆ ಮಲಗಿರುವವರದ್ದು. ನಾವು ಬಿಟ್ಟುಕೊಡುವುದು ನಮ್ಮದಲ್ಲದ್ದನ್ನು.

ಇದರ ಬೆಲೆ ಗಡಿನಾಡಿನವರಿಗೆ ಮರುವರ್ಷವೇ ಗೊತ್ತಾಯಿತು. 1956ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯದೇ ಭಾಗ. ರಾಜ್ಯ ಬೇರೆಯಾದರೂ ಮಂಜೇಶ್ವರ, ಕುಂಬಳೆಯ ರೋಗಿಗಳು ಹೋಗುವ ದೊಡ್ಡಾಸ್ಪತ್ರೆ ಬದಲಾಗಲಿಲ್ಲ. ಅದು ಮಂಗಳೂರಲ್ಲೇ ಉಳಿಯಿತು. 2020ರ ಮಾರ್ಚ್‌ನಲ್ಲಿ ಕೊರೊನಾ ಹರಡುವ ಭಯದಿಂದ ಕರ್ನಾಟಕ ತಲಪಾಡಿಯಲ್ಲಿ ಗಡಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿಯಲಾಯಿತು. ಆಂಬುಲೆನ್ಸ್‌ಗಳು ಹಿಂದಿರುಗಿದವು, ಸಮಯಕ್ಕೆ ಚಿಕಿತ್ಸೆ ಸಿಗದೆ ಜನ ಸತ್ತ ಸುದ್ದಿಗಳು ಬಂದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆಗೆಸುವಂತೆ ಕೇಂದ್ರಕ್ಕೆ ಹೇಳಿತು. ವಿಷಯ ಸುಪ್ರೀಂ ಕೋರ್ಟ್ ಮುಟ್ಟಿತು. ಎರಡೂ ರಾಜ್ಯಗಳು ಒಪ್ಪಂದಕ್ಕೆ ಬಂದಿವೆ ಎಂದು ತಿಳಿದ ಮೇಲೆ, ಏಪ್ರಿಲ್ 7ರಂದು ಅದು ಪ್ರಕರಣವನ್ನು ಮುಗಿಸಿತು. ಕೊರೊನಾ ಇಲ್ಲದ ರೋಗಿಗಳಿಗೆ, ತಪಾಸಣೆಯ ಬಳಿಕ, ತಲಪಾಡಿ ತೆರೆಯಿತು.

ಒಂದು ವರ್ಷ ಮಂಗಳೂರಿನಿಂದ ಕೊಚ್ಚಿಯವರೆಗೆ ದಾರಿ ಸಿಕ್ಕಿತು. ಮರುವರ್ಷ ತಲಪಾಡಿಯಿಂದ ಮಂಗಳೂರಿಗೆ ಸಿಗಲಿಲ್ಲ. ದೂರವನ್ನು ಅಳೆಯುವುದು ಕಿಲೋಮೀಟರುಗಳಲ್ಲಲ್ಲ, ತಡೆಗಳಲ್ಲಿ. ಸರ್ಕಾರ ಹಾಕಿದ ತಡೆಯನ್ನು ತೆಗೆಸಲು ನ್ಯಾಯಾಲಯ ಬೇಕಾಯಿತು. ನಮ್ಮ ಕಾರು, ಬೈಕು ತಡೆಯಾದಾಗ ಅಷ್ಟೆಲ್ಲ ಬೇಡ. ಹಿಂದಿನಿಂದ ಸೈರನ್ ಕೇಳಿದಾಗ ಗಾಬರಿಯಾಗಿ ನಡುರಸ್ತೆಯಲ್ಲಿ ನಿಲ್ಲಬೇಡಿ. ಸೂಚನೆ ಕೊಟ್ಟು ಎಡಕ್ಕೆ ಸರಿಯಿರಿ. ಅದು ದಾಟಿದ ಮೇಲೆ, ತೆರೆದ ದಾರಿಯ ಆಸೆಗೆ ಅದರ ಬೆನ್ನು ಹತ್ತಬೇಡಿ.