ಆಟೋಕ್ಯಾಡ್ ಹೊಟ್ಟೆಯೊಳಗಿನ ಲಿಸ್ಪ್

ಪುಣೆ, ಚೆನ್ನೈ, ಹೈದರಾಬಾದುಗಳ ಡ್ರಾಯಿಂಗ್ ಆಫೀಸುಗಳಲ್ಲಿ ತೊಂಬತ್ತರ ದಶಕದಲ್ಲಿ ದುಡಿದ ಓದುಗರಿಗೆ 'ಲಿಸ್ಪ್ ಫೈಲು' ಅಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಫ್ಲಾಪಿಯಲ್ಲಿ ಕೈಯಿಂದ ಕೈಗೆ ದಾಟುತ್ತಿದ್ದ ಪುಟ್ಟ ಫೈಲು ಅದು. ಆಟೋಕ್ಯಾಡ್‌ಗೆ ಲೋಡ್ ಮಾಡಿದರೆ ಸಾಕು, ನಕ್ಷೆಯ ನೂರಾರು ಕಂಬಗಳಿಗೆ ಒಂದೊಂದಾಗಿ ಸಂಖ್ಯೆ ಹಾಕುವ ಕೆಲಸ ಕಣ್ಣೆದುರೇ ಮುಗಿದುಹೋಗುತ್ತಿತ್ತು. ಇಂಥವನ್ನು ಬರೆದವರಲ್ಲಿ ಡ್ರಾಫ್ಟ್ಸ್‌ಮನ್‌ಗಳೂ ಎಂಜಿನಿಯರುಗಳೂ ಬಹಳ ಮಂದಿ ಇದ್ದರು. ತಾವು ಪ್ರೋಗ್ರಾಮರುಗಳು ಎಂದು ಅವರು ಹೇಳಿಕೊಂಡವರಲ್ಲ. ಆದರೆ ಅವರ ಕೈಯಲ್ಲಿದ್ದದ್ದು ಕೃತಕ ಬುದ್ಧಿಮತ್ತೆಯ ಸಂಶೋಧಕರು ಬೆಳೆಸಿದ ಭಾಷೆ.

ಜಾನ್ ಮೆಕಾರ್ಥಿ ಎಂಐಟಿಯಲ್ಲಿ 1958ರಲ್ಲಿ ಲಿಸ್ಪ್ ರೂಪಿಸತೊಡಗಿದರು. ಒಂದು ಫಂಕ್ಷನ್ನಿನ ಫಲವನ್ನು ಇನ್ನೊಂದಕ್ಕೆ ಉಣಿಸುತ್ತ ಹೋಗುವುದು ಅದರ ರೀತಿ. ದತ್ತಾಂಶವೂ ಪಟ್ಟಿ, ಪ್ರೋಗ್ರಾಮೂ ಪಟ್ಟಿ, ಎಲ್ಲದರ ಸುತ್ತ ಕಂಸ. (ಈ ಕಂಸನ ಕಾಟಕ್ಕೆ ಬೇಸತ್ತು ಲಿಸ್ಪ್ ಬಿಟ್ಟವರೂ ಇದ್ದಾರೆ.)

ಜಾನ್ ವಾಕರ್ ಮತ್ತು ಗೆಳೆಯರು ಕ್ಯಾಲಿಫೋರ್ನಿಯಾದಲ್ಲಿ ಆಟೋಡೆಸ್ಕ್ ಕಂಪನಿ ಕಟ್ಟಿದ್ದು 1982ರಲ್ಲಿ. ಆಟೋಕ್ಯಾಡ್ ಮಾರಾಟವಾದಷ್ಟೂ ಬೇಡಿಕೆಗಳು ಬೆಳೆದವು. ಪೈಪ್‌ಲೈನಿನವರಿಗೆ ಒಂದು ಕಮಾಂಡ್ ಬೇಕು, ಕಟ್ಟಡದವರಿಗೆ ಇನ್ನೊಂದು, ವಿದ್ಯುತ್ತಿನವರಿಗೆ ಮತ್ತೊಂದು. ಎಲ್ಲರ ಕಸುಬನ್ನೂ ಒಂದೇ ಕಂಪನಿ ಕಲಿತು ಮುಗಿಸುವುದು ಸಾಧ್ಯವೇ? ಅದಕ್ಕೆ ಅವರು ಪ್ರೋಗ್ರಾಮಿನೊಳಗೆ ಒಂದು ಭಾಷೆಯನ್ನೇ ಇಟ್ಟುಬಿಟ್ಟರು. ಡೇವಿಡ್ ಬೆಟ್ಜ್ ಎಂಬುವರು ಬರೆದಿದ್ದ ಎಕ್ಸ್‌ಲಿಸ್ಪ್ ಎಂಬ ಚಿಕ್ಕ ಇಂಟರ್‌ಪ್ರಿಟರಿನ ಆರಂಭದ ಆವೃತ್ತಿಯೊಂದನ್ನು ತಿದ್ದಿ ತಮ್ಮದಕ್ಕೆ ಒಗ್ಗಿಸಿಕೊಂಡರು. 1986ರ ಜನವರಿಯಲ್ಲಿ 2.18ನೇ ಆವೃತ್ತಿಯೊಂದಿಗೆ ಆಟೋಲಿಸ್ಪ್ ಹೊರಬಂತು.

ಲಿಸ್ಪೇ ಯಾಕೆ? ಜಾಗ ಒಂದು ಕಾರಣ. ಡಾಸ್ ಕೊಡುತ್ತಿದ್ದದ್ದು 640 ಕಿಲೋಬೈಟ್. ಆಟೋಕ್ಯಾಡ್ ಅದರ ಬಹುಪಾಲನ್ನು ತಾನೇ ನುಂಗಿದ ಮೇಲೆ ಲಿಸ್ಪಿನ ಹೀಪ್ ಮತ್ತು ಸ್ಟ್ಯಾಕ್ ಎರಡಕ್ಕೂ ಸೇರಿ ಉಳಿಯುತ್ತಿದ್ದದ್ದು 45,000 ಬೈಟ್. ಲಿಸ್ಪಿನ ವ್ಯಾಕರಣ ಅಂಗೈಯಗಲದ್ದು, ಹಾಗಾಗಿ ಇಂಟರ್‌ಪ್ರಿಟರೂ ಚಿಕ್ಕದು. ಆದರೆ ನನಗೆ ಹೆಚ್ಚು ಮುಖ್ಯವಾಗಿ ಕಾಣುವ ಕಾರಣ ಬೇರೆ. ನಕ್ಷೆಯ ಮೇಲಿನ ಒಂದು ಬಿಂದು ಎಂದರೆ ಏನು? ಎರಡು ಮೂರು ಸಂಖ್ಯೆಗಳ ಪಟ್ಟಿ. ಒಂದು ಗೆರೆ? ಅದರ ಪದರ, ಆರಂಭ, ಕೊನೆ ಇವುಗಳ ಪಟ್ಟಿ. ಪಟ್ಟಿಯೇ ಉಸಿರಾದ ಭಾಷೆಗೆ ನಕ್ಷೆ ಹೊರಗಿನ ವಸ್ತು ಅನ್ನಿಸಲೇ ಇಲ್ಲ.

ಸೇತುವೆಗೆ ಎರಡು ದಾರಿ. ಲಿಸ್ಪಿನಿಂದ ಆಟೋಕ್ಯಾಡಿನ ಬಹುತೇಕ ಕಮಾಂಡುಗಳನ್ನು ಕರೆಯಬಹುದು. ಇತ್ತ ನೀವು ಬರೆದ ಫಂಕ್ಷನ್ನಿನ ಹೆಸರಿನ ಮುಂದೆ 'ಸಿ' ಮತ್ತು ಎರಡು ಚುಕ್ಕಿ ಹಾಕಿದರೆ ಅದೇ ಹೊಸ ಕಮಾಂಡ್. (ಇದಕ್ಕೂ ಸಿ ಡ್ರೈವಿಗೂ ಯಾವ ನಂಟೂ ಇಲ್ಲ.) ಆಮೇಲೆ ಕಂಪನಿಯ ಕಮಾಂಡಿಗೂ ನಿಮ್ಮದಕ್ಕೂ ಟೈಪ್ ಮಾಡುವವರ ಮಟ್ಟಿಗೆ ಭೇದವಿಲ್ಲ.

ಇಂಥದ್ದು ಹಿಂದೆಯೂ ಒಮ್ಮೆ ನಡೆದಿತ್ತು. 1978ರಲ್ಲಿ ಬರ್ನಾರ್ಡ್ ಗ್ರೀನ್‌ಬರ್ಗ್ ಮಲ್ಟಿಕ್ಸ್ ಕಂಪ್ಯೂಟರಿಗೆ ಈಮ್ಯಾಕ್ಸ್ ಎಂಬ ಎಡಿಟರನ್ನು ಲಿಸ್ಪಿನಲ್ಲೇ ಬರೆದರು. ಅವರ ಆಫೀಸಿನ ಸೆಕ್ರೆಟರಿಗಳೂ ಅದನ್ನು ಬಳಸತೊಡಗಿದರು. ಅವರಿಗೆ ಸಿಕ್ಕ ಕೈಪಿಡಿಯಲ್ಲಿ ಎಡಿಟರನ್ನು ವಿಸ್ತರಿಸುವ ಬಗೆಯಿತ್ತು, ಆದರೆ ಅದಕ್ಕೆ ಪ್ರೋಗ್ರಾಮಿಂಗ್ ಎನ್ನುತ್ತಾರೆ ಎಂದು ಎಲ್ಲೂ ಬರೆದಿರಲಿಲ್ಲ. ತಮಗೆ ಪ್ರೋಗ್ರಾಮಿಂಗ್ ಬಾರದು ಎಂದುಕೊಂಡಿದ್ದವರು ಹೆದರದೆ ಓದಿದರು, ಬರೆದರು. ಈ ಕತೆಯನ್ನು ರಿಚರ್ಡ್ ಸ್ಟಾಲ್‌ಮನ್ ಹೇಳುತ್ತಾರೆ. 1985ರ ಗ್ನೂ ಈಮ್ಯಾಕ್ಸ್‌ನಲ್ಲಿ ಅವರು ಇಟ್ಟದ್ದೂ ಒಂದು ಲಿಸ್ಪನ್ನೇ.

ಬಾಗಿಲು ತೆರೆದರೆ ಕಳ್ಳನೂ ಬರುತ್ತಾನೆ. 2012ರಲ್ಲಿ ಪೆರು ದೇಶದಲ್ಲಿ ಹೆಚ್ಚಾಗಿ ಕಂಡ 'ಮೆಡ್ರೆ' ಎಂಬ ಹುಳು ಆಟೋಲಿಸ್ಪಿನಲ್ಲೇ ಬರೆದದ್ದು. ತೆರೆದ ನಕ್ಷೆಗಳನ್ನೆಲ್ಲ ಅದು ಚೀನಾದ ಇಮೇಲ್ ಖಾತೆಗಳಿಗೆ ಕಳಿಸುತ್ತಿತ್ತು.

ಕಂಪನಿಗೂ ಲಿಸ್ಪಿನ ಮೇಲೆ ಒಂದೇ ಸಮ ಪ್ರೀತಿಯೇನೂ ಇರಲಿಲ್ಲ. 13ನೇ ಬಿಡುಗಡೆಯ ಹೊತ್ತಿಗೆ ಅದರ ಬೆಳವಣಿಗೆ ಹೆಚ್ಚುಕಡಿಮೆ ನಿಂತಿತ್ತು. ಸಿ ಭಾಷೆಯ ದಾರಿಗಳು ಬಂದವು, ವಿಬಿಎ ಬಂತು. ಆ ವಿಬಿಎಯನ್ನು 2010ರ ಆವೃತ್ತಿಯಿಂದ ಪ್ರತ್ಯೇಕವಾಗಿ ಇಳಿಸಿಕೊಳ್ಳಬೇಕಾಯಿತು. ಲಿಸ್ಪ್ ಮಾತ್ರ ಇದ್ದಲ್ಲೇ ಇತ್ತು. ಯಾಕೆಂದರೆ ಲೋಕದ ಆಫೀಸುಗಳ ಕಪಾಟು ತುಂಬ ಅದರಲ್ಲಿ ಬರೆದ ಫೈಲುಗಳಿದ್ದವು, ಬರೆದವರು ನಿವೃತ್ತರಾಗಿದ್ದರೂ ಅವುಗಳ ಕೆಲಸ ನಿಂತಿರಲಿಲ್ಲ.

ಅದರ ಬೆಲೆ ಎಷ್ಟೆಂದು ಕಂಪನಿಗೂ ಗೊತ್ತಿತ್ತು. 1993ರಲ್ಲಿ ಅಗ್ಗದ ಆಟೋಕ್ಯಾಡ್ ಎಲ್‌ಟಿ ತಂದಾಗ ಅದರಿಂದ ಕಿತ್ತುಹಾಕಿದ್ದರಲ್ಲಿ ಆಟೋಲಿಸ್ಪೂ ಒಂದು. ಪೂರ್ತಿ ಆವೃತ್ತಿ ಕೊಳ್ಳಲಾಗದ ಚಿಕ್ಕ ಆಫೀಸುಗಳು ಆ ನೂರಾರು ಕಂಬಗಳಿಗೆ ಕೈಯಿಂದಲೇ ಸಂಖ್ಯೆ ಹಾಕಿದವು. ಎಲ್‌ಟಿಗೆ ಲಿಸ್ಪ್ ಬಂದದ್ದು 2023ರಲ್ಲಿ, ಮೂವತ್ತು ವರ್ಷಗಳ ಮೇಲೆ.