ಕೂಪರ್ ಕವಿಯ ಮೊಲಗಳು

ಮೊಲದ ವಿಷಯದಲ್ಲಿ ನಮ್ಮವರು ಉದಾಸೀನರಾಗಿದ್ದರೆಂದು ಯಾರೂ ಹೇಳುವಂತಿಲ್ಲ. ತರ್ಕಶಾಸ್ತ್ರದವರು ಇಲ್ಲದ ಕೊಂಬನ್ನು ಅದರ ತಲೆಗೆ ಅಂಟಿಸಿದರು. ಗಾದೆ ಕಟ್ಟಿದವರು ಇದ್ದ ನಾಲ್ಕು ಕಾಲುಗಳಲ್ಲಿ ಒಂದನ್ನು ಕಳೆದರು. ಕವಿಗಳು ಚಂದ್ರನ ಮಡಿಲಲ್ಲಿ ಕೂರಿಸಿದರು. ಪಂಚತಂತ್ರದವನು ಸಿಂಹವನ್ನು ಬಾವಿಗೆ ಬೀಳಿಸುವಷ್ಟು ಬುದ್ಧಿಯನ್ನು ದಯಪಾಲಿಸಿದನು. ಆದರೆ ಆ ಪ್ರಾಣಿ ತಿಂದದ್ದೇನು, ತಿಂದದ್ದು ಅರಗಿತೇ ಎಂದು ವಿಚಾರಿಸಿದವರು ವಿರಳ. ಮೊಲಕ್ಕೂ ಒಂದು ಹೊಟ್ಟೆಯುಂಟು, ಅದು ಬಲು ನಾಜೂಕಿನದು ಎಂಬ ಸಂಗತಿಯನ್ನು ಸಾಹಿತ್ಯದಲ್ಲಿ ಹುಡುಕುವವನು ಬೇರೆ ದೇಶಗಳಿಗೇ ಹೋಗಬೇಕು.

ಮೊದಲು ಗ್ರೀಕರಲ್ಲಿಗೆ. ಕ್ರಿಸ್ತಪೂರ್ವ ಒಂದನೆಯ ಶತಮಾನದ ಸುಮಾರಿನಲ್ಲಿದ್ದ ಮೆಲಿಯಾಗರ್ ಕವಿಯದೊಂದು ಪುಟ್ಟ ಚರಮಪದ್ಯವುಂಟು. ಮಾತನಾಡುವುದು ಸತ್ತ ಮೊಲವೇ. ಎಳೆಯ ಮರಿಯಾಗಿದ್ದಾಗಲೇ ಅದು ತಾಯಿಯನ್ನು ಅಗಲಿತು; ಫಾನಿಯಾನ್ ಎಂಬ ಹುಡುಗಿ ಎದೆಗವಚಿಕೊಂಡು, ವಸಂತದ ಹೂಗಳನ್ನು ತಿನ್ನಿಸಿ ಸಾಕಿದಳು. ತಾಯಿಯ ಕೊರಗೇನೋ ತೀರಿತು. ಆದರೆ ಔತಣ ಅತಿಯಾಗಿ ಮೊಲ ಸತ್ತೇ ಹೋಯಿತು. ಹುಡುಗಿ ಅದನ್ನು ತನ್ನ ಮಂಚದ ಬಳಿಯಲ್ಲೇ ಹೂಳಿದಳು. ಬೇಟೆನಾಯಿಯಿಂದಲ್ಲ, ಬಾಣದಿಂದಲ್ಲ, ಮುದ್ದಿನಿಂದ ಸತ್ತ ಮೊಲ! ಇಂದಿಗೂ ಮನೆಗಳಲ್ಲಿ ಮೊಲಗಳು ಸಾಯುವ ಬಗೆಗಳಲ್ಲಿ ಇದೊಂದು.

ಇನ್ನು ವಿಲಿಯಂ ಕೂಪರ್. ಕಡಿವಾಣ ಮೀರಿ ಓಡಿದ ಕುದುರೆಯ ಮೇಲಿನ ಜಾನ್ ಗಿಲ್ಪಿನ್ನನ ಕಥೆಯನ್ನು ಇಂಗ್ಲಿಷ್ ಪಾಠದಲ್ಲಿ ಓದಿ ನಕ್ಕವರು ನಮ್ಮ ಹಿರಿಯರಲ್ಲಿ ಅನೇಕರು. ಅದನ್ನು ಬರೆದವನು ನಗೆಗಾರನಲ್ಲ. 1731ರಲ್ಲಿ ಹುಟ್ಟಿ ಆರನೆಯ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡವನು. 1763ರಲ್ಲಿ ಪಾರ್ಲಿಮೆಂಟಿನ ಒಂದು ಗುಮಾಸ್ತಿಕೆಗೆ ಪರೀಕ್ಷೆ ಕೊಡಬೇಕಾಗಿ ಬಂದಾಗ ಬುದ್ಧಿಭ್ರಮಣೆಯಾಗಿ, ಪ್ರಾಣ ಕಳೆದುಕೊಳ್ಳಲು ಯತ್ನಿಸಿದವನು. ಚೇತರಿಸಿಕೊಂಡು 1767ರಲ್ಲಿ ಮೇರಿ ಅನ್ವಿನ್ ಎಂಬ ವಿಧವೆಯ ಆಶ್ರಯದಲ್ಲಿ ಓಲ್ನಿ ಎಂಬ ಸಣ್ಣ ಊರಿಗೆ ಬಂದು ನೆಲೆಸಿದನು. 1773ರಲ್ಲಿ ಮತ್ತೆ ಕತ್ತಲೆ ಕವಿಯಿತು. ದೇವರು ತನ್ನನ್ನು ಶಾಶ್ವತವಾಗಿ ಕೈಬಿಟ್ಟನೆಂಬ ನಂಬಿಕೆ ಅವನಲ್ಲಿ ಬೇರೂರಿತು. ಮುಂದೆ ಅದು ಅವನನ್ನು ಪೂರ್ತಿಯಾಗಿ ಬಿಟ್ಟದ್ದೇ ಇಲ್ಲ.

ಮರುವರ್ಷ, 1774ರಲ್ಲಿ, ನೆರೆಮನೆಯ ಮಕ್ಕಳ ಬಳಿ ಮೂರು ತಿಂಗಳ ಒಂದು ಮೊಲದ ಮರಿಯಿತ್ತು. ಅದನ್ನು ಗೋಳುಹೊಯ್ದುಕೊಳ್ಳಲು ಮಕ್ಕಳಿಗೆ ಬರುತ್ತಿತ್ತು, ಮೇವು ಹಾಕಲು ಬರುತ್ತಿರಲಿಲ್ಲ. ಬಡಕಲಾಗುತ್ತಿದ್ದ ಮರಿಯನ್ನು ನೋಡಿ ಅವರ ತಂದೆ ಕೂಪರನಿಗೆ ಒಪ್ಪಿಸಿದನು. ಕವಿಗೆ ಮೊಲ ಬೇಕಂತೆ ಎಂಬ ಸುದ್ದಿ ಹರಡಿದ್ದೇ ತಡ, ಊರಿನವರೆಲ್ಲ ಮರಿಗಳನ್ನು ತರತೊಡಗಿದರು. ಮೂರನ್ನು ಇಟ್ಟುಕೊಂಡನು: ಪಸ್, ಟೈನಿ, ಬೆಸ್. ಹೆಸರುಗಳಲ್ಲಿ ಹೆಣ್ಣಿನ ಸುಳಿವಿದ್ದರೂ ಮೂರೂ ಗಂಡೇ ಎಂದು ಅವನು ಓದುಗರಿಗೆ ಸ್ಪಷ್ಟೀಕರಣ ಕೊಡಬೇಕಾಯಿತು. ಕನ್ನಡದಲ್ಲಾಗಿದ್ದರೆ ‘ಅದು’ ಎಂದುಬಿಟ್ಟು ಪಾರಾಗಬಹುದಿತ್ತು.

ಇವು ಕಾಡುಮೊಲಗಳು, ಇಂದು ಪಂಜರಗಳಲ್ಲಿ ಮಾರುವ ಬಿಳಿಯ ಸಾಕುಮೊಲಗಳಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು. ಸಾಕುಮೊಲದ ಮೂಲ ಸ್ಪೇನ್ ಕಡೆಯದು. ನಮ್ಮ ಹೊಲಗದ್ದೆಗಳಲ್ಲಿ ಚಂಗನೆ ನೆಗೆಯುವುದು ಕಾಡುಮೊಲ. ಹೊಟ್ಟೆಯ ಮಟ್ಟಿಗೆ ಮಾತ್ರ ಇಬ್ಬರೂ ದಾಯಾದಿಗಳು.

ಕೂಪರ್ ಬಡಗಿಯಾದನು. ಒಂದೊಂದಕ್ಕೂ ಪ್ರತ್ಯೇಕ ಗೂಡು ಕಟ್ಟಿ, ಹಿಕ್ಕೆ ಕೆಳಗೆ ಬೀಳುವಂತೆ ತಳವನ್ನು ಮಾಡಿ, ಅಡಿಯಲ್ಲಿ ಮಣ್ಣಿನ ತಟ್ಟೆಯಿಟ್ಟು ದಿನವೂ ತೊಳೆಯಿಸಿದನು. ಹತ್ತು ವರ್ಷಗಳ ಈ ಅನುಭವವನ್ನು 1784ರಲ್ಲಿ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಗೆ ಒಂದು ಕಾಗದವಾಗಿ ಬರೆದನು. ಅದರ ಕೊನೆಯ ಭಾಗ ಒಂದು ಆಹಾರಪಟ್ಟಿ. ಮೊಲಗಳಿಗೆ ಹಾಲು ಬರುವ ಥಿಸಲ್ ಕಳೆ, ಡ್ಯಾಂಡೆಲಿಯನ್ ಮತ್ತು ಲೆಟ್ಯೂಸ್ ಸೊಪ್ಪುಗಳು ಪ್ರಿಯ, ಅದರಲ್ಲೂ ಲೆಟ್ಯೂಸ್. ಹಸಿಯ ಪೈರಿನ ಎಲೆ, ಕಾಂಡ ಬೇಕು, ತೆನೆ ಬೇಡ. ಓಟ್ಸ್ ಧಾನ್ಯವನ್ನು ಆತುರದಿಂದ ತಿನ್ನುತ್ತವೆ. ಆದರೆ ಶುಭ್ರವಾದ ಒಣಹುಲ್ಲು ಸಿಕ್ಕಿತೆಂದರೆ ಅದರ ಗೊಡವೆಯೇ ಬೇಡ. ಸೇಬಿನ ಸಿಪ್ಪೆ ಇಷ್ಟ, ಸೇಬು ಕಂಡರಾಗದು. ಮುಳ್ಳುಗಿಡಗಳ ಕಡ್ಡಿಯನ್ನು ದಪ್ಪವಿದ್ದರೂ ಕಟ್ಟಿಗೆಸಮೇತ ಕಡಿದು ನುಂಗುತ್ತವೆ. ಹಸಿಮೇವು ಅತಿಯಾದರೆ ಕುರಿಗಳಂತೆ ಮೊಲಗಳೂ ರೋಗಕ್ಕೆ ಬೀಳುತ್ತವೆಂದು ಅವನಿಗೆ ಭಯ. ಆದಕಾರಣ ಬ್ರೆಡ್ಡನ್ನೇ ಮುಖ್ಯ ಆಹಾರವಾಗಿಸಿ, ಸಣ್ಣ ಚೌಕಗಳಾಗಿ ಕತ್ತರಿಸಿ, ಸಂಜೆ ಗೂಡಿನಲ್ಲಿಡುತ್ತಿದ್ದನು. ಏಕೆಂದರೆ ಅವು ಮೇಯುವುದು ಸಂಜೆ ಮತ್ತು ರಾತ್ರಿಯಲ್ಲಿ ಮಾತ್ರ. ಚಳಿಗಾಲದಲ್ಲಿ ಸೊಪ್ಪು ಸಿಕ್ಕದಾಗ ಅದಕ್ಕೆ ಗಜ್ಜರಿಯ ತುರಿ. ಆಗ ನೀರನ್ನೂ ಇಡಬೇಕು, ಹಾಸಿಗೆಯ ಮೇಲೆ ಉರುಳಿಸದಂತೆ.

ಒಂದು ದಿನ ಹಕ್ಕಿಯ ಪಂಜರವನ್ನು ಶುಚಿಮಾಡುತ್ತಿರುವಾಗ ಬಿಳಿಯ ಮರಳಿನ ಪಾತ್ರೆಯನ್ನು ನೆಲದ ಮೇಲಿಟ್ಟನು. ಮೊಲಗಳು ಮುಗಿಬಿದ್ದು ಮರಳನ್ನು ತಿಂದವು. ಜೀರ್ಣಕ್ಕೆಂದೇ ಇರಬೇಕೆಂದು ಊಹಿಸಿ ಅಂದಿನಿಂದ ಅದನ್ನೂ ಒದಗಿಸಿದನು. ಟೈನಿ ಸತ್ತ ಮೇಲೆ ಬರೆದ ಪ್ರಸಿದ್ಧ ಚರಮಗೀತೆಯಲ್ಲಿಯೂ ಈ ಮರಳು ಬಂದಿದೆ! ಬೇರಾವ ಕವಿಯಾದರೂ ಇಂಥ ಪದಾರ್ಥವನ್ನು ಶೋಕಗೀತೆಯಿಂದ ಹೊರಗಿಡುತ್ತಿದ್ದನೆಂದು ನನ್ನ ಎಣಿಕೆ.

ಇಂದಿನ ಪಶುವೈದ್ಯರು ಈ ಪಟ್ಟಿಯನ್ನು ಒಪ್ಪುವುದಿಲ್ಲ. ಬ್ರೆಡ್ಡು, ಧಾನ್ಯ, ಹಾಲು ಇವು ಮೊಲದ ಕರುಳಿಗೆ ಒಗ್ಗುವ ವಸ್ತುಗಳಲ್ಲ. ಮರಳನ್ನು ಕೊಡಿರೆಂದು ಯಾರೂ ಹೇಳರು. ಮೊಲಕ್ಕೆ ವಾಂತಿ ಮಾಡುವ ಶಕ್ತಿಯಿಲ್ಲ. ಒಳಗೆ ಹೋದದ್ದು ಮುಂದಕ್ಕೇ ಸಾಗಬೇಕು. ಕರುಳು ನಿಲ್ಲದೆ ಚಲಿಸುತ್ತಿರಲು ನಾರು ಬೇಕು, ಎಂದರೆ ಒಣಹುಲ್ಲು ಸದಾ ಎದುರಿಗಿರಬೇಕು. ಜೀವನಪರ್ಯಂತ ಬೆಳೆಯುವ ಹಲ್ಲುಗಳನ್ನು ಸವೆಸುವುದೂ ಆ ಹುಲ್ಲೇ. ಮೇವನ್ನು ಥಟ್ಟನೆ ಬದಲಾಯಿಸಿದರೆ ಹೊಟ್ಟೆ ಕೆಡುತ್ತದೆ. ಒಂದು ದಿನ ಮೇವು ಮುಟ್ಟದೆ ಕುಳಿತ ಮೊಲ ಪ್ರಾಣಾಪಾಯದಲ್ಲಿದೆಯೆಂದೇ ತಿಳಿಯಬೇಕು. ಚಿತ್ರಪುಸ್ತಕಗಳನ್ನು ನೋಡಿ ಮಕ್ಕಳು ಗಜ್ಜರಿಯ ಮೇಲೆ ಗಜ್ಜರಿ ತಿನ್ನಿಸುತ್ತಾರೆ, ಜೊತೆಗೆ ಬಿಸ್ಕತ್ತು; ಫಾನಿಯಾನಳ ಸಂತತಿ. ಕೂಪರನ ಮೊಲಗಳನ್ನು ಉಳಿಸಿದ್ದು ಅವನ ಬ್ರೆಡ್ಡಲ್ಲ, ಹಾಸಿಗೆಯೆಂದು ಹಾಸಿ ದಿನವೂ ಕೊಡವಿಡುತ್ತಿದ್ದ ಗೋಧಿಯ ಹುಲ್ಲು ಎಂದು ನಾನು ತಿಳಿಯುತ್ತೇನೆ.

ಅವನ ಕಾಗದದಲ್ಲಿ ಇನ್ನೊಂದು ಮಾತಿದೆ. ಬೆಳಗಿನ ಉಪಾಹಾರವಾದ ಮೇಲೆ ಪಸ್ಸನ್ನು ತೋಟಕ್ಕೆ ಒಯ್ಯುತ್ತಿದ್ದನು. ಅದು ಸೌತೆಬಳ್ಳಿಯ ಎಲೆಗಳಡಿಯಲ್ಲಿ ಅಡಗಿ ಸಂಜೆಯವರೆಗೆ ನಿದ್ರಿಸುತ್ತಲೋ ಮೆಲುಕು ಹಾಕುತ್ತಲೋ ಇರುತ್ತಿತ್ತು. ಮೊಲ ಮೆಲುಕು ಹಾಕುತ್ತದೆಯೆ? ಹಾಕುತ್ತದೆಂದು ಬೈಬಲಿನ ಹಳೆಯ ಒಡಂಬಡಿಕೆ ಹೇಳುತ್ತದೆ. ದನದಂತೆ ಮೆಲುಕು ಹಾಕುವ ಜಠರ ಮೊಲಕ್ಕಿಲ್ಲ. ಆದರೂ ಕಂಡದ್ದು ಪೂರ್ತಿ ಸುಳ್ಳಲ್ಲ. 1882ರಲ್ಲಿ ಮೋರೋ ಎಂಬ ಫ್ರೆಂಚ್ ಪಶುವೈದ್ಯನು ಮೊಲದ ಹಿಕ್ಕೆಯಲ್ಲಿ ಎರಡು ಬಗೆಯುಂಟೆಂದು ವಿವರಿಸಿದನು. ಒಂದು ನಮಗೆ ಕಾಣುವ ಗಟ್ಟಿಯ ಗುಂಡು. ಇನ್ನೊಂದು ಮೆತ್ತನೆಯದು, ಸತ್ವವುಳ್ಳದ್ದು, ಹೊರಬಂದೊಡನೆ ಮೊಲ ಬಾಯಿಹಾಕಿ ನುಂಗಿಬಿಡುವುದು. ತಿಂದದ್ದನ್ನು ಎರಡನೆಯ ಸಲ ಕರುಳಿಗೆ ಕಳುಹಿಸುವ ಉಪಾಯವಿದು. ರಾತ್ರಿ ಮೇದ ಕಾಡುಮೊಲ ಹಗಲಿನ ವಿಶ್ರಾಂತಿಯಲ್ಲಿ ಈ ಕೆಲಸವನ್ನು ನಡೆಸುತ್ತದೆ. ಓದುಗರಿಗೆ ಹೇಸಿಗೆಯೆನಿಸಿದರೆ ಕ್ಷಮಿಸಬೇಕು. ಮೊಲಕ್ಕೆ ಇದು ತಪ್ಪಿದರೆ ಆರೋಗ್ಯ ತಪ್ಪುತ್ತದೆ.

ಒಮ್ಮೆ ಪಸ್ ಮೂರು ದಿನ ಕಾಯಿಲೆ ಮಲಗಿತು. ಉಳಿದವು ಕಚ್ಚಿ ಹಿಂಸಿಸದಂತೆ ಕೂಪರ್ ಅದನ್ನು ಬೇರೆಯಿಟ್ಟು, ಒಂದಾದ ಮೇಲೊಂದು ಸೊಪ್ಪನ್ನು ಮುಂದಿಟ್ಟು, ಯಾವುದನ್ನು ಮೂಸುತ್ತದೆ, ಯಾವುದನ್ನು ಮೆಲ್ಲುತ್ತದೆ ಎಂದು ನೋಡಿ ನೋಡಿ ಗುಣಪಡಿಸಿದನು. ಚೇತರಿಸಿಕೊಂಡ ಮೊಲ ಅವನ ಕೈಯನ್ನು ನೆಕ್ಕಿತು: ಮೊದಲು ಹಿಂಗೈ, ಆಮೇಲೆ ಅಂಗೈ, ಬಳಿಕ ಒಂದೊಂದು ಬೆರಳು, ಬೆರಳುಗಳ ಸಂದು. ದೇವರಿಗೇ ತಾನು ಬೇಡವಾದೆನೆಂದು ನಂಬಿದ್ದ ಮನುಷ್ಯ ಈ ವಿವರವನ್ನು ಇಷ್ಟು ಕ್ರಮವಾಗಿ ಬರೆದಿಟ್ಟಿದ್ದಾನೆ. ಟೈನಿಗೂ ಇದೇ ಶುಶ್ರೂಷೆ ನಡೆಯಿತು. ಅದು ಗುಣವಾದೊಡನೆ ಗುರುಗುಟ್ಟಿ ಕಚ್ಚಲು ಬಂದಿತು. ಚರಮಗೀತೆ ದೊರೆತದ್ದು ಈ ಮುಂಗೋಪಿಗೇ.

ಬೆಸ್ ಬಹಳ ಕಾಲ ಬಾಳಲಿಲ್ಲ. ತೊಳೆದ ಗೂಡು ಆರುವ ಮುನ್ನವೇ ಅದನ್ನು ಒಳಗೆ ಬಿಟ್ಟದ್ದರಿಂದ ಸತ್ತಿತು. ಟೈನಿ ಒಂಬತ್ತು ವರ್ಷ ಬದುಕಿ, ಬಿದ್ದು ಸೊಂಟಕ್ಕೆ ಪೆಟ್ಟಾಗಿ ತೀರಿತು. ಪಸ್ ಮಾತ್ರ ಇನ್ನೂ ಇತ್ತು. ಕೂಪರ್ 1800ರಲ್ಲಿ ತೀರಿಕೊಂಡ ಬಳಿಕ ಅವನ ಕಾಗದಗಳಲ್ಲಿ ಒಂದು ಟಿಪ್ಪಣಿ ದೊರೆಯಿತು. 1786ರ ಮಾರ್ಚ್ 9ರಂದು, ಹಗಲು ಹನ್ನೆರಡು ಮತ್ತು ಒಂದು ಗಂಟೆಯ ನಡುವೆ, ಹನ್ನೊಂದು ವರ್ಷ ಹನ್ನೊಂದು ತಿಂಗಳ ಪಸ್ ಮುಪ್ಪಿನಿಂದ, ನೋವೇನೂ ಇಲ್ಲದೆ ಸತ್ತಿತೆಂದು ಅದರಲ್ಲಿ ಬರೆದಿತ್ತು.